ಉಣ್ಣಲಾರದೋ, ಉಣ್ಣಲೊಲ್ಲದೋ? ಮಗುವಿನ ಊಟದ ತೊಂದರೆಯ ಮೂಲ ಹುಡುಕುವ ಬಗೆ

"ಏನು ಮಾಡಿದ್ರೂ ತಿನ್ನೋದಿಲ್ಲ ಡಾಕ್ಟ್ರೇ." ಈ ಒಂದು ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿಗಳು ಇರಬಹುದು. ಮಗು ಉಣ್ಣಲಾರದು: ಹೀರಲು, ಅಗಿಯಲು, ನುಂಗಲು ತೊಡಕಿದೆ. ಇಲ್ಲವೇ ಅದಕ್ಕೆ ಹಸಿವೇ ಆಗುತ್ತಿಲ್ಲ. ಇಲ್ಲವೇ ಹಸಿವೂ ಇದೆ, ಶಕ್ತಿಯೂ ಇದೆ, ಆದರೆ ಒಲ್ಲದು. ಅದೂ ಅಲ್ಲದಿದ್ದರೆ ಮಗು ಸರಿಯಾಗಿಯೇ ತಿನ್ನುತ್ತಿದೆ, ಮನೆಯವರ ಅಂದಾಜು ತಪ್ಪಿದೆ. ನಾಲ್ಕಕ್ಕೂ ನಮ್ಮ ಮನೆಗಳಲ್ಲಿ ಮಾಡುವುದು ಒಂದೇ, ಕೈಕಾಲು ಹಿಡಿದು ಬಾಯಿಗೆ ತುರುಕುವುದು. ತುರುಕಲು ಶುರುಮಾಡಿದ ಮೇಲೆ ಮೂಲ ಕಾರಣ ಮುಚ್ಚಿಹೋಗುತ್ತದೆ. ಕಣ್ಣಿಗೆ ಕಾಣುವುದು ಚಮಚ ಕಂಡರೆ ಮುಖ ತಿರುಗಿಸುವ ಮಗು ಮಾತ್ರ. ಆದ್ದರಿಂದ ಕಾರಣ ಹುಡುಕುವ ಮೊದಲ ಹೆಜ್ಜೆ ಎಂದರೆ ಇಂದಿನಿಂದಲೇ ಒತ್ತಾಯ ನಿಲ್ಲಿಸುವುದು. ಈ ಬರಹ ಹುಟ್ಟಿನಿಂದ 5 ವರ್ಷದವರೆಗಿನ ಮಕ್ಕಳಿಗೆ.

ಇವು ಕಂಡರೆ ಓದುತ್ತಾ ಕೂರಬೇಡಿ

2 ತಿಂಗಳೊಳಗಿನ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತೆಂದರೆ ಅದು ಊಟದ ತೊಂದರೆಯಲ್ಲ, ಸೋಂಕಿನ ಲಕ್ಷಣ ಇರಬಹುದು. ಅಂದೇ ಆಸ್ಪತ್ರೆಗೆ ಒಯ್ಯಿರಿ. ಹಸಿರು ವಾಂತಿ ಯಾವ ವಯಸ್ಸಿನಲ್ಲೂ ತುರ್ತು, ಕರುಳು ಅಡ್ಡಗಟ್ಟಿರಬಹುದು. 2ರಿಂದ 8 ವಾರದ ಕೂಸು ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಮತ್ತೆ ಹಸಿದು ಅತ್ತರೆ ಜಠರದ ಬಾಯಿ ಬಿಗಿದಿರುವ ಶಂಕೆ, ಸ್ಕ್ಯಾನಿಂಗ್ ಬೇಕು. ಕುಡಿಯುವಾಗ ಹಣೆಯಲ್ಲಿ ಬೆವರು ಹನಿಯುವುದು, ನಾಲ್ಕು ಗುಟುಕಿಗೊಮ್ಮೆ ದಣಿದು ಬಿಡುವುದು, ತುಟಿ ನೀಲಿಯಾಗುವುದು ಹೃದಯ ಪರೀಕ್ಷೆಗೆ ಕಾರಣ. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗೆ 60, ವರ್ಷದೊಳಗೆ 50, ಆಮೇಲೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ ಅದು ವೇಗದ ಉಸಿರು.

ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ಬೆಳಿಗ್ಗೆವರೆಗೆ ಚೆನ್ನಾಗಿ ತಿನ್ನುತ್ತಿದ್ದ ಒಂದೆರಡು ವರ್ಷದ ಮಗು ಇದ್ದಕ್ಕಿದ್ದಂತೆ ಏನನ್ನೂ ನುಂಗದೆ ಜೊಲ್ಲು ಸುರಿಸುತ್ತಿದ್ದರೆ ಗಂಟಲಲ್ಲಿ ನಾಣ್ಯವೋ ಗುಂಡಿ ಬ್ಯಾಟರಿಯೋ ಸಿಕ್ಕಿರಬಹುದು. ಬ್ಯಾಟರಿಯಾದರೆ 2 ಗಂಟೆಯೊಳಗೆ ಅನ್ನನಾಳ ಸುಡಲು ಶುರುವಾಗುತ್ತದೆ. ಬಾಳೆಹಣ್ಣು ತಿನ್ನಿಸಿ "ಇಳಿಸಲು" ಹೋಗಬೇಡಿ. ತಡಮಾಡದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ, 108 ಇದಕ್ಕೂ ಬರುತ್ತದೆ.

ನಿಜಕ್ಕೂ ದೋಷವಿದೆಯೇ? ಮೊದಲು ತಾಯಿ ಕಾರ್ಡ್ ತೆಗೆಯಿರಿ

ತಟ್ಟೆ ಸುಳ್ಳು ಹೇಳಬಹುದು, ತಕ್ಕಡಿ ಹೇಳುವುದಿಲ್ಲ. ಹುಟ್ಟಿದ ಕೂಸು ಮೊದಲ ವಾರ ತುಸು ಇಳಿಯುತ್ತದೆ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಬಾರದು, 2 ವಾರದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಮೊದಲ 3 ತಿಂಗಳು ದಿನಕ್ಕೆ 25–30 ಗ್ರಾಂ ಏರಿಕೆ, 5 ತಿಂಗಳ ಹೊತ್ತಿಗೆ ಹುಟ್ಟುತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಅಲ್ಲಿಂದಾಚೆ ಓಟ ನಿಲ್ಲುತ್ತದೆ. ಎರಡನೆಯ ವರ್ಷವಿಡೀ ಏರುವುದು 2ರಿಂದ 2.5 ಕಿಲೋ ಅಷ್ಟೇ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. "ವರ್ಷ ತುಂಬೋವರೆಗೂ ಚೆನ್ನಾಗಿ ತಿಂತಿತ್ತು, ಈಗ ಮುಟ್ಟೋದೇ ಇಲ್ಲ" ಎನ್ನುವ ದೂರುಗಳಲ್ಲಿ ಬಹುಪಾಲು ಇದೇ. ಇಲ್ಲಿ ಮಗುವಿಗೆ ಚಿಕಿತ್ಸೆ ಬೇಡ. ಮನೆಯವರು ತಟ್ಟೆಗೆ ಬಡಿಸುವ ಅಳತೆ ಇಳಿಸಿದರೆ ಸಾಕು.

ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಪ್ರತಿ ತಿಂಗಳ ಅಂಗನವಾಡಿ ತೂಕವನ್ನು ಗುರುತು ಹಾಕಿ ಗೆರೆ ಎಳೆಯಿರಿ. ಒಂದು ಬಿಂದು ಎಲ್ಲಿದೆ ಎನ್ನುವುದಕ್ಕಿಂತ ಗೆರೆ ಯಾವ ಕಡೆ ಹೋಗುತ್ತಿದೆ ಎನ್ನುವುದು ಮುಖ್ಯ. ಕೆಳಗಿನ ಗೆರೆಯಲ್ಲೇ ಇದ್ದರೂ ಅದಕ್ಕೆ ಸಮವಾಗಿ ಏರುತ್ತಿರುವ ಸಣ್ಣ ದೇಹದ ಮಗು ಆರೋಗ್ಯವಾಗಿರಬಹುದು. ಮೇಲಿದ್ದ ಗೆರೆ ಎರಡು ಮೂರು ತಿಂಗಳು ಮಟ್ಟವಾಗಿ ಮಲಗಿದ್ದರೆ ಅದು ದೋಷ. 6 ತಿಂಗಳು ದಾಟಿದವರಿಗೆ ಎಡತೋಳಿನ ಸುತ್ತಳತೆಯನ್ನೂ ನೋಡಿ. ಭುಜದ ಮೂಳೆಗೂ ಮೊಣಕೈಗೂ ಸರಿಮಧ್ಯದಲ್ಲಿ ಪಟ್ಟಿ ಸುತ್ತಿ. 12.5 ಸೆಂ.ಮೀ. ಕೆಳಗೆ ಅಪೌಷ್ಟಿಕತೆ, 11.5 ಸೆಂ.ಮೀ. ಕೆಳಗೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಊದಿ, ಒತ್ತಿದರೆ ಕುಳಿ ಬೀಳುತ್ತಿದ್ದರೆ ತೂಕ ಎಷ್ಟೇ ಇರಲಿ ಅದೂ ತೀವ್ರವೇ.

ಮೂರು ದಿನದ ಬರಹ, ಒಂದು ಊಟದ ನೋಟ

ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಬರೆದಿಡಿ. ಹಾಲು ಎಷ್ಟು ಮಿಲಿ, ಬಿಸ್ಕತ್ತು ಎಷ್ಟು, ಅಜ್ಜ ಅಂಗಡಿಯಿಂದ ತಂದುಕೊಟ್ಟದ್ದೇನು, ಪಕ್ಕದ ಮನೆಯಲ್ಲಿ ತಿಂದದ್ದೇನು. "ಏನೂ ತಿನ್ನದ" ಮಗುವಿನ ಚೀಟಿಯಲ್ಲಿ ದಿನಕ್ಕೆ 700 ಮಿಲಿ ಹಾಲು, ಆರು ಬಿಸ್ಕತ್ತು, ಒಂದು ಪ್ಯಾಕೆಟ್ ಚಿಪ್ಸ್ ಸಿಗುವುದು ತೀರ ಸಾಮಾನ್ಯ.

ಆಮೇಲೆ ಒಂದು ಊಟವನ್ನು ಫೋನಿನಲ್ಲಿ ಚಿತ್ರೀಕರಿಸಿ, ಮಗುವಿನ ಮುಖ ಮತ್ತು ಉಣಿಸುವವರ ಕೈ ಎರಡೂ ಕಾಣಬೇಕು. ಶಬ್ದ ತೆಗೆದು ನಿಧಾನವಾಗಿ ನೋಡಿ. ಚಮಚ ತುಟಿಗೆ ಒಂದು ಗೇಣು ದೂರವಿರುವಾಗ ಬಾಯಿ ತೆರೆಯುತ್ತದೆಯೇ, ಕತ್ತು ಬಿಗಿಯುತ್ತದೆಯೇ? ತುತ್ತು ಒಳಗೆ ಹೋದ ಮೇಲೆ ದವಡೆ ಪಕ್ಕಕ್ಕೂ ಆಡುತ್ತದೆಯೇ, ಬರೀ ಮೇಲೆ ಕೆಳಗೆಯೇ? ನಾಲಿಗೆ ತುತ್ತನ್ನು ಹೊರಕ್ಕೆ ನೂಕುತ್ತದೆಯೇ? ಕೆನ್ನೆಯ ಮೂಲೆಯಲ್ಲಿ ಅನ್ನದ ಉಂಡೆ ಹತ್ತು ನಿಮಿಷದಿಂದ ಹಾಗೇ ಕೂತಿದೆಯೇ? ನುಂಗಿದ ಕೂಡಲೇ ಕಣ್ಣಲ್ಲಿ ನೀರು, ಕೆಮ್ಮು, ಗೊರಗೊರ ದನಿ ಬರುತ್ತದೆಯೇ? ಮೊದಲ ಐದು ತುತ್ತು ಸಲೀಸಾಗಿ ಹೋಗಿ ಆಮೇಲೆ ಜಗಳ ಶುರುವಾದರೆ ಮಗುವಿಗೆ ಹೊಟ್ಟೆ ತುಂಬಿದೆ. ಮೊದಲ ತುತ್ತಿಗೇ ಅಳು ಎಂದರೆ ಭಯ ಅಥವಾ ನೋವು. ಕೊನೆಯವರೆಗೂ ಬಾಯಿ ತೆರೆದೇ ಇದ್ದು ತುತ್ತು ಮಾತ್ರ ಕೆಳಗಿಳಿಯದಿದ್ದರೆ ಅದು ಉಣ್ಣಲಾರದ ಮಗು. ಎಷ್ಟೋ ಪರೀಕ್ಷೆಗಳಿಗಿಂತ ಈ ಹತ್ತು ನಿಮಿಷದ ವಿಡಿಯೊ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಉಣ್ಣಲಾರದ ಮಗು

ಎದೆಹಾಲಿನ ಕೂಸಿನಲ್ಲಿ ಮೊದಲು ನೋಡಬೇಕಾದದ್ದು ಬಾಯಿ ಹಿಡಿಯುವ ರೀತಿ. ಬಾಯಿ ಅಗಲವಾಗಿ ತೆರೆದಿರಬೇಕು, ಗಲ್ಲ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಕೂಸು ಬರೀ ತೊಟ್ಟು ಕಚ್ಚಿ ಚೀಪಿದರೆ ತಾಯಿಗೆ ನೋವು, ತೊಟ್ಟು ಸೀಳು. ಗಂಟೆಗಟ್ಟಲೆ ಕುಡಿದರೂ ಕೂಸಿನ ಹೊಟ್ಟೆ ತುಂಬದು. ಆಗ "ಹಾಲು ಸಾಲದು" ಎಂದು ಬಾಟಲಿ ಬರುತ್ತದೆ, ಬಾಟಲಿ ಬಂದಷ್ಟೂ ಎದೆಹಾಲು ಇಳಿಯುತ್ತದೆ. 24 ಗಂಟೆಯಲ್ಲಿ 8–12 ಸಲ ಕುಡಿಸಿ. ಮೊದಲ ವಾರ ಕಳೆದ ಮೇಲೆ 6 ಅಥವಾ ಹೆಚ್ಚು ಸಲ ಮೂತ್ರ ಹೋಗುತ್ತಿದ್ದು ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಕಲೆ ಇದ್ದರೆ ಅದು ಅಗ್ರ (ಬಾಯಿಯ ಶಿಲೀಂಧ್ರ ಸೋಂಕು), ಹುಣ್ಣಿನ ನೋವಿಗೆ ಕೂಸು ಹಾಲು ಬಿಡುತ್ತದೆ. ಔಷಧಿ ಹನಿಯಿಂದ ವಾಸಿಯಾಗುತ್ತದೆ. ನಾಲಿಗೆ ಮುಂದೆ ಚಾಚಲಾಗದಂತೆ ಅಡಿಯ ಪೊರೆ ಕಟ್ಟಿದೆಯೇ, ಅಂಗುಳ ಸೀಳಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಅಂಗುಳದ ಹಿಂಭಾಗದ ಸೀಳು ಹೊರಗೆ ಕಾಣುವುದಿಲ್ಲ, ಮೂಗಿನಿಂದ ಹಾಲು ಬರುವುದೇ ಅದರ ಸುಳಿವು.

ಒಳಲೆಯ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಪಾತ್ರೆಯ ಬಗ್ಗೆ ಎರಡು ಮಾತು. ಹೀರಲಾಗದ ಸಣ್ಣ ಕೂಸಿಗೆ ಬಾಟಲಿಗಿಂತ ಒಳಲೆ ಎಷ್ಟೋ ಒಳ್ಳೆಯದು, ತೊಳೆಯಲೂ ಸುಲಭ. ಆದರೆ ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಅಳುವ ಬಾಯಿಗೆ ಒಳಲೆ ಬಗ್ಗಿಸಿ ಸುರಿಯುವುದಿದೆಯಲ್ಲ, ಅದು ಹಾಲನ್ನು ಶ್ವಾಸಕೋಶಕ್ಕೆ ಕಳಿಸುವ ದಾರಿ. ಕೂಸನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲಿಟ್ಟು, ಹಾಲು ತುಟಿಗೆ ತಾಗುವಷ್ಟೇ ಬಗ್ಗಿಸಿ. ಕೂಸು ತಾನೇ ನೆಕ್ಕಿ ನುಂಗಲಿ, ನುಂಗಿದ ಮೇಲೆ ಮುಂದಿನ ಗುಟುಕು. ಎಣ್ಣೆಸ್ನಾನದ ಹೊತ್ತಿಗೆ ಮೂಗಿಗೆ ಎಣ್ಣೆ ಬಿಡುವುದನ್ನೂ ನಿಲ್ಲಿಸಿ, ಆ ಎಣ್ಣೆ ಪುಪ್ಪುಸಕ್ಕಿಳಿದು ವಾಸಿಯಾಗದ ನ್ಯುಮೋನಿಯಾ ತರುತ್ತದೆ.

ವರ್ಷ ದಾಟಿದವರಲ್ಲಿ ಮನೆಮನೆಯಲ್ಲೂ ಕಾಣುವ ದೋಷ ಮಿಕ್ಸಿಯದು. 6 ತಿಂಗಳಿಗೆ ನುಣ್ಣಗೆ ರುಬ್ಬಿ ಶುರುಮಾಡುತ್ತಾರೆ, ವರ್ಷವಾದರೂ ಹಾಗೇ ರುಬ್ಬುತ್ತಾರೆ. ಅಗಿಯುವುದು ಹುಟ್ಟಿನಿಂದ ಬರುವುದಲ್ಲ, ಕಲಿಯಬೇಕಾದದ್ದು. ಕಲಿಯುವ ಕಾಲ ಸುಮಾರು 8ರಿಂದ 10 ತಿಂಗಳು. ಆಗ ಗಂಟುಗಂಟಾದ ಊಟದ ರೂಢಿ ತಪ್ಪಿದರೆ ಆಮೇಲೆ ಒಂದು ಅಗುಳು ಸಿಕ್ಕರೂ ಓಕರಿಕೆ ಬರುತ್ತದೆ. ಓಕರಿಕೆ ಕಂಡ ಮನೆಯವರು ಹೆದರಿ ಮತ್ತೆ ರುಬ್ಬುತ್ತಾರೆ. ಇನ್ನೊಂದು ಸೂಕ್ಷ್ಮ: ಮುದ್ದೆ ಒಳ್ಳೆಯ ಆಹಾರ, ಆದರೆ ಅದನ್ನು ನುಂಗುತ್ತೇವೆ, ಅಗಿಯುವುದಿಲ್ಲ. ಮುದ್ದೆ ಸಾರಿನಲ್ಲೇ ಬೆಳೆದ ಮಗುವಿಗೆ ಅಗಿಯುವ ಪಾಠ ಬೇರೆ ತಿನಿಸಿನಿಂದ ಸಿಗಬೇಕು.

ಸರಿಪಡಿಸುವುದು ಹೀಗೆ. ಮಿಕ್ಸಿ ಬದಲು ಮಸೆಯುವ ಸೌಟು. ಮೊದಲ ನಾಲ್ಕು ದಿನ ನುಣ್ಣಗಿನ ಊಟದ ಕಾಲು ಭಾಗವನ್ನು ಸೌಟಿನಲ್ಲಿ ಮಸೆದದ್ದರಿಂದ ಬದಲಿಸಿ, ಮುಂದಿನ ನಾಲ್ಕು ದಿನ ಅರ್ಧ, ಹೀಗೆ ಎರಡು ವಾರದಲ್ಲಿ ಪೂರ್ತಿ. ತೆಳ್ಳಗಿನ ಸಾರಿನಲ್ಲಿ ತೇಲುವ ಗಂಟು ಎಲ್ಲಕ್ಕಿಂತ ಕಷ್ಟ, ಏಕೆಂದರೆ ನೀರು ಒಂದು ವೇಗದಲ್ಲಿ ಇಳಿಯುತ್ತದೆ, ಗಂಟು ಇನ್ನೊಂದು ವೇಗದಲ್ಲಿ. ಅದನ್ನು ಕೊನೆಗಿಡಿ. ಜೊತೆಗೆ ದಿನಕ್ಕೆರಡು ಸಲ, ಹಸಿವು ತುಸು ತಣಿದ ಮೇಲೆ, ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದ ಕ್ಯಾರೆಟ್ಟಿನ ಉದ್ದ ಸೀಳನ್ನೋ ಮೆತ್ತನೆಯ ದೋಸೆಯ ಪಟ್ಟಿಯನ್ನೋ ದವಡೆ ಹಲ್ಲು ಬರುವ ಜಾಗದ ಒಸಡಿನ ಮೇಲಿಡಿ. ನಾಲಿಗೆಯ ನಡುವೆ ಇಟ್ಟರೆ ಮಗು ನೂಕುತ್ತದೆ ಅಥವಾ ನುಂಗುತ್ತದೆ. ಪಕ್ಕಕ್ಕಿಟ್ಟರೆ ನಾಲಿಗೆ ಅತ್ತ ಹೊರಳುತ್ತದೆ, ದವಡೆ ತಾನಾಗಿ ಆಡುತ್ತದೆ.

ಓಕರಿಕೆಯಲ್ಲಿ ಮುಖ ಕೆಂಪಾಗುತ್ತದೆ, ಸದ್ದಿರುತ್ತದೆ, ಮಗು ತಾನೇ ಉಗುಳುತ್ತದೆ. ಸುಮ್ಮನೆ ಕಾಯಿರಿ, ಬೆರಳು ಹಾಕಬೇಡಿ. ಉಸಿರು ಕಟ್ಟಿದ್ದರೆ ಸದ್ದೇ ಇರುವುದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ವರ್ಷದೊಳಗಿನ ಕೂಸನ್ನು ತೋಳಿನ ಮೇಲೆ ತಲೆ ತಗ್ಗುವಂತೆ ಬೋರಲು ಹಿಡಿದು ಭುಜಗಳ ನಡುವೆ 5 ಏಟು, ಅಂಗಾತ ತಿರುಗಿಸಿ ಎದೆಯ ಮಧ್ಯೆ 5 ಒತ್ತು. ತುಣುಕು ಹೊರಬರುವವರೆಗೂ ಹೀಗೆಯೇ ಮಾಡುತ್ತಾ ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಇಡೀ ಕಡಲೆಕಾಯಿ, ಹುರಿಗಡಲೆ, ಇಡೀ ದ್ರಾಕ್ಷಿಯನ್ನು 4–5 ವರ್ಷದವರೆಗೆ ಕೊಡಲೇಬೇಡಿ.

ಬರೀ ನೀರು, ಹಾಲಿಗೇ ಕೆಮ್ಮು ಬರುತ್ತದೆ, ವರ್ಷದಲ್ಲಿ ಎರಡು ಮೂರು ಸಲ ನ್ಯುಮೋನಿಯಾ ಆಗಿದೆ ಎಂದರೆ ಮನೆಯ ಅಭ್ಯಾಸ ಸಾಲದು, ನುಂಗುವಿಕೆಯ ತಪಾಸಣೆ ಬೇಕು. ಹುಟ್ಟಿದಾಗ ತಡವಾಗಿ ಅತ್ತ, ಕತ್ತು ನಿಲ್ಲದ, ಮೈ ಬಿಗಿಯುವ ಮಕ್ಕಳಲ್ಲಿ ಇದು ಹೆಚ್ಚು.

ಹಸಿವೇ ಇಲ್ಲದ ಮಗು

ಮೊದಲ ಆರೋಪಿ ಹಾಲು. 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಕ್ಯಾಲೊರಿ, 700 ಮಿಲಿ ಪ್ಯಾಕೆಟ್ ಹಾಲಿನಲ್ಲೇ 400ಕ್ಕೂ ಹೆಚ್ಚು ಸೇರಿತು. ಸಕ್ಕರೆ, ಪುಡಿ ಹಾಕಿದರೆ ಇನ್ನೂ ಹೆಚ್ಚು. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಕಬ್ಬಿಣ ಇಳಿದರೆ ಹಸಿವು ಸಾಯುತ್ತದೆ, ಹಸಿವು ಸತ್ತ ಮಗು ಊಟ ಒಲ್ಲದು, ಊಟ ಒಲ್ಲದ ಮಗುವಿಗೆ "ಪಾಪ, ಹಾಲಾದ್ರೂ ಕುಡೀಲಿ" ಎಂದು ಇನ್ನೊಂದು ಲೋಟ. ಇದು ಹೊರಬರಲಾಗದ ಸುತ್ತು. ವರ್ಷ ದಾಟಿದ ಮಗುವಿಗೆ ಹಸುವಿನ ಹಾಲು 400–500 ಮಿಲಿ ಮೀರಬಾರದು, ಅದೂ ಊಟವಾದ ಮೇಲೆ, ಲೋಟದಲ್ಲಿ. ರಾತ್ರಿ ಬಾಟಲಿ ನಿಲ್ಲಬೇಕು. ಮಗು ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ, ಕಣ್ಣಿನ ಕೆಳರೆಪ್ಪೆ ಬಿಳಿಚಿದ್ದರೆ ಹೀಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅಂಗನವಾಡಿಯಲ್ಲಿ 6 ತಿಂಗಳಿಂದ 5 ವರ್ಷದವರಿಗೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆರಡು ಸಲ 1 ಮಿಲಿ. ಅದು ರಕ್ತಹೀನತೆ ತಡೆಯಲು. ಆಗಲೇ ರಕ್ತಹೀನತೆ ಇದ್ದರೆ ವೈದ್ಯರು ತೂಕಕ್ಕೆ ತಕ್ಕಂತೆ ದಿನವೂ, ತಿಂಗಳುಗಟ್ಟಲೆ ಕೊಡುತ್ತಾರೆ. ಸಿರಪ್ ಜೊತೆ ಹಾಲು, ಟೀ ಬೇಡ, ನಿಂಬೆರಸ ಒಳ್ಳೆಯದು. ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ.

ಎರಡನೆಯದು ಮಲಬದ್ಧತೆ. ಮೂರು ದಿನಕ್ಕೊಮ್ಮೆ ಗಟ್ಟಿ ಉಂಡೆ ಹೋಗುವ ಮಗುವಿಗೆ ಹೊಟ್ಟೆ ಸದಾ ಭಾರ. ಅದನ್ನು ಸರಿಮಾಡದೆ ಹಸಿವಿನ ಮದ್ದು ಹುಡುಕುವುದು ವ್ಯರ್ಥ. ಜಂತುಹುಳಕ್ಕೆ ಫೆಬ್ರವರಿ 10, ಆಗಸ್ಟ್ 10ರ ಅಭಿಯಾನದಲ್ಲಿ ಅಲ್ಬೆಂಡಜೋಲ್ ಸಿಗುತ್ತದೆ: 1–2 ವರ್ಷಕ್ಕೆ 200 ಮಿ.ಗ್ರಾಂ., ಅಂದರೆ ಅರ್ಧ ಮಾತ್ರೆ, ಪುಡಿಮಾಡಿ ನೀರಲ್ಲಿ ಕಲಸಿ. ಅದರ ಮೇಲ್ಪಟ್ಟವರಿಗೆ 400.

ಕರ್ನಾಟಕದ ಸಸ್ಯಾಹಾರಿ ಮನೆಗಳಲ್ಲಿ ಮರೆಯಬಾರದ ಇನ್ನೊಂದು ಇದೆ, ಬಿ12 ಕೊರತೆ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. 6ರಿಂದ 18 ತಿಂಗಳ ಮಗು ದುಂಡಗೇ ಕಾಣುತ್ತದೆ, ಎದೆಹಾಲು ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಬೆರಳ ಗೆಣ್ಣುಗಳು ಕಪ್ಪಾಗುತ್ತವೆ, ಕೂದಲು ತೆಳುವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಕರೆದರೆ ನಗುತ್ತಿದ್ದ ಮಗು ಸುಮ್ಮನೆ ನೋಡುತ್ತದೆ, ಕೂರುತ್ತಿದ್ದದ್ದು ಕೂರುವುದನ್ನು ಬಿಡುತ್ತದೆ, ಕೊನೆಗೆ ಕೈ, ತಲೆ, ನಾಲಿಗೆ ನಡುಗಲು ಶುರುವಾಗುತ್ತದೆ. ಗೆಣ್ಣಿನ ಬಣ್ಣ ಕಂಡಾಗಲೇ ತೋರಿಸಿ. ತಾಯಿ ಮಗು ಇಬ್ಬರಿಗೂ ಚಿಕಿತ್ಸೆ ಬೇಕು, ಬೇಗ ಕೊಟ್ಟರೆ ನಗುವೂ ಹಸಿವೂ ಮರಳುತ್ತವೆ. ತಡವಾದರೆ ಬುದ್ಧಿ ಬೆಳವಣಿಗೆಗೆ ಪೆಟ್ಟು.

ಉಣ್ಣಲೊಲ್ಲದ ಮಗು

ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡದ್ದು, ಮೂಗಿನ ನಳಿಕೆ ಹಾಕಿಸಿಕೊಂಡದ್ದು, ಉಂಡಾಗೆಲ್ಲ ಎದೆ ಉರಿದದ್ದು, ದಿನಕ್ಕೆ ನಾಲ್ಕು ಸಲ ತುರುಕಿಸಿಕೊಂಡದ್ದು, ಇವೆಲ್ಲ ಮಗುವಿನ ನೆನಪಲ್ಲಿ ಉಳಿಯುತ್ತವೆ. ಹಸಿದು ಅಳುತ್ತಿದ್ದರೂ ಬಟ್ಟಲು ಕಂಡೊಡನೆ ಬೆನ್ನು ಬಿಲ್ಲಾಗಿಸುವ ಮಗು ಹೆದರಿದೆ. ನಿದ್ದೆಗಣ್ಣಲ್ಲಿ ಮಾತ್ರ ಕುಡಿಯುವ ಕೂಸೂ ಅಷ್ಟೇ. ಬಾಟಲಿಯ ಜಾಗಕ್ಕೆ ಒಳಲೆ ಅಥವಾ ಲೋಟ, ಮಲಗಿಸುವ ಬದಲು ಕೂರಿಸುವುದು, ಕೋಣೆ ಬದಲಿಸುವುದು, ಉಣಿಸುವ ಕೈ ಬದಲಿಸುವುದು, ಹೀಗೆ ಹಳೆಯ ನೆನಪಿನ ಗುರುತುಗಳನ್ನು ಒಂದೊಂದಾಗಿ ತೆಗೆಯಬೇಕು. ನೋವು ಇನ್ನೂ ಇದ್ದರೆ ಮೊದಲು ನೋವಿಗೆ ಔಷಧಿ. ಮಲದಲ್ಲಿ ರಕ್ತ, ಮೈಮೇಲೆ ಇಸುಬು ಇದ್ದರೆ ಹಸುವಿನ ಹಾಲಿನ ಅಲರ್ಜಿಯನ್ನೂ ವೈದ್ಯರು ನೋಡಬೇಕು.

ಒಂದೂವರೆ ವರ್ಷದ ಆಸುಪಾಸಿನಲ್ಲಿ ಹೊಸ ತಿನಿಸಿಗೆ ಮುಖ ಸಿಂಡರಿಸುವುದು ಬಹುತೇಕ ಎಲ್ಲ ಮಕ್ಕಳಲ್ಲೂ ಇದೆ. ಎರಡು ಸಲ ಕೊಟ್ಟು "ಇದಕ್ಕೆ ಸೊಪ್ಪು ಸೇರಲ್ಲ" ಎಂದು ತೀರ್ಮಾನಿಸಬೇಡಿ, 8ರಿಂದ 15 ಸಲ ಕಂಡ ಮೇಲೆ ಒಪ್ಪುವುದು ಸಹಜ. ಮುಟ್ಟುವುದು, ಮೂಸುವುದು, ನೆಕ್ಕಿ ಉಗುಳುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬಿಳಿ ಇಡ್ಲಿ, ಮೊಸರನ್ನ ಬಿಟ್ಟು ಬೇರೇನೂ ಒಲ್ಲದವರಿಗೆ ಹತ್ತಿರದ ಮೆಟ್ಟಿಲು ಹುಡುಕಿ. ಒಂದು ಸೌಟು ಇಡ್ಲಿ ಹಿಟ್ಟಿಗೆ ಕಾಲು ಚಮಚ ರಾಗಿಹಿಟ್ಟು, ನಾಲ್ಕೈದು ದಿನಕ್ಕೊಮ್ಮೆ ಇನ್ನೊಂದು ಕಾಲು. ಬಣ್ಣ ಬದಲಾದದ್ದು ಗೊತ್ತಾಗದಷ್ಟು ನಿಧಾನವಿರಲಿ. ಆದರೆ ಒಟ್ಟು ತಿನಿಸುಗಳು 20ಕ್ಕಿಂತ ಕಡಿಮೆ, ತಿನ್ನುತ್ತಿದ್ದವೂ ಒಂದೊಂದಾಗಿ ಬಿಟ್ಟುಹೋಗುತ್ತಿವೆ, ಹೆಸರು ಕರೆದರೆ ತಿರುಗುವುದಿಲ್ಲ, ಮಾತು ತಡ ಎಂದರೆ ಇದು ಹಟವಲ್ಲ. ಆಟಿಸಂ ತಪಾಸಣೆ ಮಾಡಿಸಿ.

ತಟ್ಟೆಯಲ್ಲೇ ದೋಷ

ಮಗು ತಿನ್ನುತ್ತದೆ, ತೂಕ ಏರುವುದಿಲ್ಲ. ಬಟ್ಟಲು ನೋಡಿ: ತಿಳಿಸಾರು ಅನ್ನ, ಬೇಳೆಕಟ್ಟು, ನೀರಾದ ಸರಿ (ಹಿಟ್ಟಿನ ಗಂಜಿ). ಚಮಚ ವಾಲಿಸಿದರೆ ಸರಿ ಸುರಿಯಬಾರದು, ಅಂಟಿಕೊಂಡು ಮೆಲ್ಲಗೆ ಜಾರಬೇಕು. 200 ಮಿಲಿ ನೀರಿಗೆ 10 ಗ್ರಾಂ ರಾಗಿಹಿಟ್ಟಿನ ಸರಿಯಲ್ಲಿ 35 ಕ್ಯಾಲೊರಿಯೂ ಇಲ್ಲ. 25 ಗ್ರಾಂ ಹಿಟ್ಟು, ಒಂದು ಸಣ್ಣ ಚಮಚ ತುಪ್ಪ ಹಾಕಿದರೆ ಅಷ್ಟೇ ಬಟ್ಟಲಿನಲ್ಲಿ 120ರ ಮೇಲೆ. ಆದರೆ ಅದು ತೀರ ಗಟ್ಟಿಯಾಗಿ ಮಗು ನುಂಗಲಾರದು. ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಉಪಾಯವಿದೆ, ಮೊಳಕೆ ರಾಗಿ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನಕ್ಕೆ ಮೊಳಕೆ ಬಂದ ಮೇಲೆ ಒಣಗಿಸಿ ಬೀಸಿ. ಕಂಪು ಬರುವಂತೆ ಹುರಿದರೆ ಪಿಷ್ಟ ಕರಗಿಸುವ ಕಿಣ್ವ ಸಾಯುತ್ತದೆ, ಹುರಿಯಬೇಡಿ. ಗಟ್ಟಿ ಸರಿಯನ್ನು ಒಲೆಯಿಂದಿಳಿಸಿ, ಕುದಿ ಪೂರ್ತಿ ನಿಂತು ಬೆರಳು ತಾಕಿಸುವಷ್ಟು ಬಿಸಿಯಾದಾಗ ಅರ್ಧದಿಂದ ಒಂದು ಚಮಚ ಈ ಹಿಟ್ಟು ಹಾಕಿ ಕಲಸಿ. ಹತ್ತು ನಿಮಿಷದಲ್ಲಿ ಸರಿ ತಾನೇ ಸಡಿಲವಾಗುತ್ತದೆ, ಒಂದು ಹನಿ ನೀರು ಸೇರದೆ. ಮತ್ತೊಂದು ಕುದಿ ಬರಿಸಿ ಆರಿಸಿ ಕೊಡಿ.

ಅಳತೆ ಇಷ್ಟು: 6–8 ತಿಂಗಳಿಗೆ ಎರಡು ಮೂರು ದೊಡ್ಡ ಚಮಚದಿಂದ ಅರ್ಧ ಬಟ್ಟಲಿನವರೆಗೆ (ಬಟ್ಟಲು 250 ಮಿಲಿ), ದಿನಕ್ಕೆ 2–3 ಸಲ. 9–11 ತಿಂಗಳಿಗೆ ಅರ್ಧ ಬಟ್ಟಲು, 3–4 ಸಲ. ವರ್ಷದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, 3–4 ಸಲ, ನಡುವೆ ಒಂದೆರಡು ತಿಂಡಿ. ಜ್ವರ, ಭೇದಿ ಆದ ಮೇಲೆ ಎರಡು ವಾರ ಒಂದು ಊಟ ಹೆಚ್ಚು. ವರ್ಷದೊಳಗೆ ಜೇನುತುಪ್ಪ ಬೇಡವೇ ಬೇಡ, ಅದರಲ್ಲಿರಬಹುದಾದ ಬೀಜಾಣು ಕೂಸಿನ ಕರುಳಲ್ಲಿ ವಿಷ ಉಂಟುಮಾಡುತ್ತದೆ.

ಎರಡು ವಾರದ ದುರಸ್ತಿ

ಊಟದಿಂದ ಊಟಕ್ಕೆ ಎರಡೂವರೆಯಿಂದ ಮೂರು ಗಂಟೆ ಅಂತರ, ನಡುವೆ ನೀರು ಮಾತ್ರ. ಒಂದೇ ಜಾಗ, ನೆಟ್ಟಗೆ ಕೂರಿಸಿ, ಕಾಲಿಗೆ ಆಸರೆ. ಫೋನು, ಟೀವಿ ಇಲ್ಲ, ಪರದೆ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ಹಸಿವೂ ತಿಳಿಯದು, ತುಂಬಿದ್ದೂ ತಿಳಿಯದು. ಫೋನನ್ನು ಒಮ್ಮೆಲೇ ಕಿತ್ತುಕೊಳ್ಳಲಾಗದಿದ್ದರೆ ಮೊದಲು ಮಧ್ಯಾಹ್ನದ ಊಟದಿಂದ ತೆಗೆಯಿರಿ. ಬಡಿಸುವುದು ನೀವು ಅಂದುಕೊಂಡ ಅಳತೆಯ ಅರ್ಧ, ಕೇಳಿದರೆ ಇನ್ನಷ್ಟು. ಮನೆಯವರೂ ಜೊತೆಗೆ ಉಣ್ಣಲಿ, ಮಗು ಕೈಯಿಂದ ಕಲಸಲಿ, ಚೆಲ್ಲಲಿ. 25–30 ನಿಮಿಷಕ್ಕೆ ತಟ್ಟೆ ಎತ್ತಿ, ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಮೂರು ನಾಲ್ಕು ದಿನ ತಿನ್ನುವುದು ಇನ್ನೂ ಕಡಿಮೆಯಾಗುತ್ತದೆ. ಅಜ್ಜಿ ಮರುಗಿ ಬಿಸ್ಕತ್ತು ಕೊಡುವುದು ಇದೇ ದಿನಗಳಲ್ಲಿ, ಎಲ್ಲ ಕೆಡುವುದೂ ಇಲ್ಲೇ. ಆದ್ದರಿಂದ ಶುರುಮಾಡುವ ಮೊದಲೇ ಮನೆಯ ಹಿರಿಯರನ್ನು ಕೂರಿಸಿ ಲೆಕ್ಕವೆಲ್ಲ ತೋರಿಸಿ, ಅವರ ಒಪ್ಪಿಗೆ ಪಡೆಯಿರಿ. ಈ ಪದ್ಧತಿ ತೂಕ ಸರಿಯಿರುವ, ನುಂಗಲು ಬರುವ ಮಗುವಿಗೆ ಮಾತ್ರ. ತೋಳಳತೆ ಕಡಿಮೆಯಿದ್ದವರನ್ನು ಹಸಿಯಲು ಬಿಡಬಾರದು.

ಹಸಿವಿನ ಟಾನಿಕ್ಕುಗಳನ್ನು ಅಂಗಡಿಯಿಂದ ನೀವೇ ತರಬೇಡಿ. ಸೈಪ್ರೊಹೆಪ್ಟಡೀನ್ ಇರುವ ಸಿರಪ್ ಕುಡಿದಷ್ಟು ದಿನ ನಿದ್ದೆಗಣ್ಣಲ್ಲಿ ತುಸು ತಿಂದು, ನಿಲ್ಲಿಸಿದೊಡನೆ ಮೊದಲಿನಂತಾಗುತ್ತದೆ, ರಕ್ತಹೀನತೆಯೋ ಮಲಬದ್ಧತೆಯೋ ಹಾಗೇ ಉಳಿಯುತ್ತದೆ.

ಎಲ್ಲಿಗೆ ಹೋಗಬೇಕು

ತೋಳು 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಮೂಲಕ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ. ಸಾಮಾನ್ಯವಾಗಿ ಎರಡು ವಾರದ ವಾಸ, ತಾಯಿಯೂ ಜೊತೆಗಿರುತ್ತಾರೆ. ಕತ್ತು, ಮಾತು, ನಡಿಗೆ ತಡವಾದ ಮಗುವಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿರುವ ಡಿಇಐಸಿ (ಬೆಳವಣಿಗೆಯ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ಘಟಕಕ್ಕೆ. ನುಂಗುವ, ಅಗಿಯುವ ತೊಂದರೆಗೆ ವಾಕ್ ಚಿಕಿತ್ಸಕರೇ ತಜ್ಞರು ಎಂಬುದು ಹಲವರಿಗೆ ಗೊತ್ತಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಎಲ್ಲಿಗೇ ಹೋದರೂ ತಾಯಿ ಕಾರ್ಡು, ಮೂರು ದಿನದ ಚೀಟಿ, ಊಟದ ವಿಡಿಯೊ ಕೈಯಲ್ಲಿರಲಿ, ಜೊತೆಗೆ ಮಗು ದಿನವೂ ತಿನ್ನುವ ಊಟವನ್ನೇ ಒಂದು ಡಬ್ಬಿಯಲ್ಲಿ ಹಾಕಿ, ಅದರದೇ ಬಟ್ಟಲು ಚಮಚದೊಂದಿಗೆ ಒಯ್ಯಿರಿ. ಮಗುವನ್ನು ಎರಡೂವರೆ ಗಂಟೆ ಮೊದಲು ಉಣಿಸಿ ಕರೆದೊಯ್ದರೆ ಅಲ್ಲೇ ಹಸಿದಾಗ ಉಣ್ಣುವುದನ್ನು ಅವರು ಕಣ್ಣಾರೆ ನೋಡಬಹುದು.